ರಾಜ ಮೊಟ್ಟೆ ಇಟ್ಟ ದಿನ

ಮಾರ್ಚ್ ೧೧, ಮಂಗಳವಾರ

ಇವತ್ತು ಸಂಜೆಯವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಹೋದ ತಿಂಗಳು ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡ ಹಕ್ಕಿಯೊಂದು ನನ್ನ ಕಣ್ಣೆದುರೇ ಸತ್ತಿತ್ತು. ಇವತ್ತು ಬಸ್ ಡ್ರೈವರೊಬ್ಬರು ನನ್ನ ಕ್ಲಿನಿಕ್‌ಗೆ ತಂದ ಲವ್‌ಬರ್ಡ್‌ಗೂ ಅದೇ ತೊಂದರೆ. ಎರಡು ದಿನದಿಂದ ಕಾಳು ಮುಟ್ಟದೆ, ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತಂತೆ.

"ಹೊಟ್ಟೇಲಿ ಮೊಟ್ಟೆ ಸಿಕ್ಕಿಕೊಂಡಿದೆ" ಅಂದೆ.

"ಏನ್ ಡಾಕ್ಟ್ರಮ್ಮಾ, ಇವನು ಗಂಡು! ಆರು ವರ್ಷದಿಂದ ರಾಜ ಅಂತಾನೇ ಕರೀತಿದೀವಿ."

ನಗುವ ಹೊತ್ತಲ್ಲ ಅದು. ಕ್ಯಾಲ್ಸಿಯಂ ಚುಚ್ಚಿ, ಹಬೆಯಾಡುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟೆ. ದಿನವಿಡೀ ಹಾರ್ನ್ ಹೊಡೆಯುವ ಮನುಷ್ಯ ನಾಲ್ಕು ಗಂಟೆ ಪಿಟ್ಟೆನ್ನದೆ ಕೂತಿದ್ದರು. ಸಂಜೆ ಹೊತ್ತಿಗೆ ಮೊಟ್ಟೆ ಹೊರಗೆ ಬಂತು. ಅವರು ತಕ್ಷಣ ಹೆಂಡತಿಗೆ ಫೋನ್ ಮಾಡಿದರು.

"ಲೇ, ನಮ್ಮ ರಾಜ ಮೊಟ್ಟೆ ಇಟ್ಟ ಕಣೇ!"

ಫೋನ್ ಇಟ್ಟವರೇ ಪೆಟ್ಟಿಗೆಯ ಮೇಲೆ ಬಗ್ಗಿ ಹಕ್ಕಿಯನ್ನೇ ನೋಡತೊಡಗಿದರು.

"ಇನ್ಮೇಲೆ ರಾಣಿ ಅಂತೀರಾ?" ಅಂತ ಕೇಳಿದೆ.

"ಬಿಡಿಯಮ್ಮಾ, ಆರು ವರ್ಷ ಆಳಿದೋರನ್ನ ಈಗ ಪಟ್ಟದಿಂದ ಇಳಿಸೋಕಾಗುತ್ತಾ?"

ಅವರು ಹೊರಡುವ ಮೊದಲು ಮೊಟ್ಟೆಯನ್ನು ಒಮ್ಮೆ ಅಂಗೈಯಲ್ಲಿ ಇಟ್ಟುಕೊಂಡೆ. ಹೆಬ್ಬೆರಳ ತುದಿಯಷ್ಟಿತ್ತು, ಇನ್ನೂ ಬೆಚ್ಚಗಿತ್ತು. ಇಷ್ಟು ಚಿಕ್ಕದಕ್ಕೆ ಇಬ್ಬರು ದೊಡ್ಡವರು ಅಷ್ಟು ಹೊತ್ತು ಉಸಿರು ಬಿಗಿಹಿಡಿದು... ಕಣ್ಣು ಎಳೆಯುತ್ತಿದೆ. ಹೋದ ತಿಂಗಳು ಆ ಹಕ್ಕಿ ಸತ್ತ ಮೇಲೆ ತಾನಾಗಿಯೇ ಬಂದ ಮೊದಲ ನಿದ್ದೆ ಇದು.