ಏರಿಗೆಂದು ಉಳಿಸಿದ ಚಾರ್ಜು

ಪಶು ಆಸ್ಪತ್ರೆಯ ವರಾಂಡ,
ಸೋಮವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಕುದುರೆ ಕೆಂಚಿ ಬದುಕಿದ್ದಾಳೆ, ನಾಲ್ಕೂ ಕಾಲ ಮೇಲೆ ನಿಂತಿದ್ದಾಳೆ, ನನ್ನ ಹೊಸ ಸ್ವೆಟರಿನ ತೋಳನ್ನು ಆಗಲೇ ಅರ್ಧ ಅಗಿದಿದ್ದಾಳೆ. ನಿಮ್ಮ ಮೊಣಕಾಲು ಹೇಗಿದೆ? ಆಪರೇಷನ್ ಆದ ಕಾಲಿನಲ್ಲಿ ಮಗಳ ಮನೆಯ ಮೆಟ್ಟಿಲು ಹತ್ತುತ್ತಿಲ್ಲ ತಾನೆ? ಶನಿವಾರದಿಂದ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ನಾದಿನಿ ಹೇಳಿದರು. ಫೋನಿನಲ್ಲಿ ಹೇಳಿದರೆ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇವೆ ಅನ್ನುತ್ತೀರಂತೆ, ಫೋಟೊ ಕಳಿಸಿದರೆ ಹಳೆಯದು ಅನ್ನುತ್ತೀರಂತೆ. ಅದಕ್ಕೇ ಈ ಪತ್ರ.

ಅವಳ ಕರುಳು ತಿರುಚಿಕೊಂಡಿದೆ, ಬೆಟ್ಟದಾಚೆಯ ಆಸ್ಪತ್ರೆಗೇ ಒಯ್ಯಬೇಕು ಎಂದು ಡಾಕ್ಟರು ಹೇಳಿದಾಗ ನೀವು ಫೋನಿನಲ್ಲಿ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಆ ಬ್ಯಾಟರಿ ಗಾಡಿ ಏರು ಹತ್ತಲ್ಲ ಕಣೋ. ದಾರೀಲಿ ನಿಂತು ನರಳಿ ಸಾಯೋದು ಬೇಡ. ಇಲ್ಲೇ ಒಂದು ಇಂಜೆಕ್ಷನ್ ಕೊಡಿಸಿಬಿಡು." ನಿಮ್ಮ ಮಗ ಫೋನಿಟ್ಟು ಪಿಕಪ್ಪಿಗೆ ಟ್ರೇಲರ್ ಕಟ್ಟಿದರು.

ನೀವು ಬ್ಯಾಟರಿ ಗಾಡಿ ಅಂದರೂ ಅದು ಪೆಟ್ರೋಲಿನಲ್ಲೂ ಓಡುತ್ತದೆ. ಬ್ಯಾಟರಿ ತುಂಬಿತ್ತು. ಆದರೂ ಬಯಲು ದಾರಿಯುದ್ದಕ್ಕೂ ಬರೀ ಪೆಟ್ರೋಲಿನಲ್ಲೇ ಓಡಿಸಿದರು. ಮನೆಯಲ್ಲಿ ಚಾರ್ಜು ಮಾಡಿಕೊಂಡು ಬಂದು ದಾರಿಯಲ್ಲಿ ಪೆಟ್ರೋಲು ಸುಡುವುದು ಎಂಥ ಜಾಣತನ ಎಂದು ನಾನು ಜಗಳ ತೆಗೆದೆ. ಏರು ಶುರುವಾದಾಗ ಅವರು ಗುಂಡಿ ಒತ್ತಿದರು ನೋಡಿ, ಅಷ್ಟು ಹೊತ್ತು ಏದುಸಿರು ಬಿಡುತ್ತಿದ್ದ ಎಂಜಿನ್ನಿಗೆ ಬ್ಯಾಟರಿ ಹೆಗಲು ಕೊಟ್ಟಿತು. ಗಾಡಿ ಹೂವೆತ್ತಿದ ಹಾಗೆ ಹತ್ತತೊಡಗಿತು. ನಾನು ಬಾಯಿ ಮುಚ್ಚಿಕೊಂಡು ಏಸಿ ಆರಿಸಿದೆ, ಫೋನಿನ ವೈರನ್ನೂ ಕಿತ್ತೆ.

ತುದಿ ಕಣ್ಣಿಗೆ ಬಿದ್ದಾಗ ಬ್ಯಾಟರಿ ಮುಗಿಯಿತು. ವೇಗ ನಡಿಗೆಗಿಂತ ಕಡಿಮೆಯಾಯಿತು. ಭಾರ ಕಡಿಮೆಯಾಗಲಿ, ನಾನಾದರೂ ಇಳಿಯಲೇ ಎಂದೆ. "ಕುದುರೆ ಇಳಿದ್ರೆ ಮಾತು ಬೇರೆ, ನಿನ್ನಿಂದೇನೂ ಆಗಲ್ಲ," ಎಂದರು. ನಮ್ಮ ಹಿಂದೆ ಬರುತ್ತಿದ್ದ ಒಂದು ಲಾರಿಯ ಡ್ರೈವರು ಒಮ್ಮೆಯೂ ಹಾರ್ನ್ ಮಾಡಲಿಲ್ಲ. ದೀಪ ಮಿನುಗಿಸುತ್ತಾ, ಬೇರೆ ಗಾಡಿಗಳು ನುಗ್ಗದಂತೆ ರಸ್ತೆ ತಡೆದು, ತುದಿಯವರೆಗೂ ನಮ್ಮ ಬೆನ್ನಿಗಿದ್ದರು. ಆಸ್ಪತ್ರೆಯಲ್ಲಿ ಕೆಂಚಿಯನ್ನು ಇಳಿಸಲು ಹೆಗಲು ಕೊಟ್ಟವರೂ ಅವರೇ. ಅವರ ಋಣ ಹೇಗೆ ತೀರಿಸಲಿ ಅತ್ತೆ? ಇವತ್ತು ಮತ್ತೆ ಬಂದು ಅವಳ ಕುತ್ತಿಗೆ ತಟ್ಟಿದರು. ಅವರ ಲೋಡು ಈಗ ನೀವಿರುವ ಊರಿಗೇ. ಈ ಪತ್ರ ಕೊಡುತ್ತಿರುವವರು ಅವರೇ. ನನ್ನನ್ನು ನಂಬದಿದ್ದರೆ ಅವರನ್ನು ಕೇಳಿ. ಕೂರಿಸಿ ಕಾಫಿ ಕೊಡಿ.

ಇಂಥ ಮಗನನ್ನು ನನಗೆ ಕೊಟ್ಟದ್ದಕ್ಕೆ ನಿಮಗೆ ಒಂದು ದೊಡ್ಡ ಅಪ್ಪುಗೆ.

ನಿಮ್ಮ ಬಾಯಿಬಡುಕಿ ಸೊಸೆ

ಮರೆತೆ: ಇಂಜೆಕ್ಷನ್ ಕೊಡಿಸು ಅಂದೆನಲ್ಲಾ ಎಂದು ಕೊರಗಬೇಡಿ. ಅವಳು ನರಳಬಾರದೆಂದೇ ಅಂದಿರಿ, ನಮಗೆ ಗೊತ್ತು. ಹೊಟ್ಟೆಯ ಆಪರೇಷನ್ನಿನ ಹೊಲಿಗೆ ಮಾಯುವವರೆಗೆ ಅವಳನ್ನು ದಿನಾ ಹಗ್ಗ ಹಿಡಿದು ನಡೆಸಬೇಕಂತೆ. ನನಗೆ ಕುದುರೆಯೆಂದರೆ ಇನ್ನೂ ಭಯ. ನೀವು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರೆ ಸಾಕು, ನಾನು ನಡೆಸುತ್ತೇನೆ. ಬಟ್ಟೆ ಜೋಡಿಸಿಟ್ಟುಕೊಳ್ಳಿ. ನಿಮ್ಮನ್ನು ಕರೆದುಕೊಂಡು ಹೋಗಲು ಗುರುವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದೇನೆ.