ಕಂಬಳಿಯ ಪಕ್ಕ ಕೂತವಳು

ರಾಯಚೂರು
9 ನವೆಂಬರ್ 2025

ಕಲ್ಲೂರಿನ ನನ್ನ ತಂಗಿ ಚಂದ್ರಕಲಾಳಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಬರುವ ಗುರುವಾರದ ಕೋರ್ಟಿನ ತಾರೀಖಿನ ಮೇಲೆ ನಿಂತಿದೆ.

ಫೋನಿನಲ್ಲಿ ಮಾತಾಡಿದರೆ ರೆಕಾರ್ಡ್ ಮಾಡಿಕೊಳ್ಳುತ್ತಾರೆ ಎಂದು ನಮ್ಮ ವಕೀಲರು ಹೆದರಿಸಿದ್ದರಿಂದ ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಕಾಗದ ತಂದಿರುವ ಪಕೀರಮ್ಮ ನಮ್ಮ ಮನೆಗೆಲಸದವಳು. ನೀನು ಓದಿ ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತಾಳೆ, ಓದಿ ಅವಳ ಕೈಗೇ ವಾಪಸ್ ಕೊಡು. ಒಂದು ಕಪ್ ಚಹಾವನ್ನಾದರೂ ಕುಡಿಸು, ನನ್ನ ಮೇಲಿನ ಸಿಟ್ಟು ಅವಳ ಮೇಲೆ ಬೇಡ.

ನೀನು ಏನೇ ಅನ್ನು, ತಪ್ಪು ನಿನ್ನ ಗಂಡ ಗಡಿಗೆಪ್ಪನದೇ. ಮಾನ್ವಿಯ ಸನ್ಮಾನ ಸಭೆಯಲ್ಲಿ "ಕಾರ್ಗಿಲ್ ವೀರ ಹನುಮೇಶ" ಎಂದು ಬ್ಯಾನರ್ ಕಟ್ಟಿ ನಮ್ಮವರ ಕೊರಳಿಗೆ ಹಾರ ಹಾಕಿದ್ದರು. ಗಡಿಗೆಪ್ಪ ಹಿಂದಿನ ಸಾಲಿನಿಂದ ಎದ್ದು, "ಅಣ್ಣಾರ, ನಿಮ್ದು ಯಾವ ಪಲ್ಟನ್ ರೀ? ನಿಮ್ಮ ನಂಬರ್ ಹೇಳ್ರಿ. ಸಿಪಾಯಿ ಹೆಂಡ್ತಿ ಹೆಸರು ಮರೀಬಹುದು, ನಂಬರ್ ಮರಿಯಂಗಿಲ್ಲ" ಅಂದನಂತೆ. ನಮ್ಮವರು ಗಾಬರಿಯಲ್ಲಿ ಮೊಬೈಲ್ ನಂಬರ್ ಹೇಳಿಬಿಟ್ಟರು! ಆ ವಿಡಿಯೋ ನೋಡಿ ಇಡೀ ಜಿಲ್ಲೆ ನಕ್ಕಿತು. ನಾನೂ ನಕ್ಕೆ, ಬಚ್ಚಲ ಬಾಗಿಲು ಹಾಕಿಕೊಂಡು. ಆಮೇಲೆ ಮಾನನಷ್ಟ ಮೊಕದ್ದಮೆ ಹಾಕಿಸಿದವಳೂ ನಾನೇ. ದೇವದುರ್ಗದ ಕಡೆ ಜಿಲ್ಲಾ ಪಂಚಾಯಿತಿ ಟಿಕೆಟ್ ಸಿಗುವ ಹೊತ್ತಿಗೆ, ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ತಂಗಿಯ ಗಂಡನೇ ಮಾಡಿದರೆ ಸುಮ್ಮನಿರಲೇನು?

ನಮ್ಮ ಮದುವೆಯ ಆಲ್ಬಮ್ಮನ್ನು ನೀನು ಕೋರ್ಟಿಗೆ ಕೊಡುತ್ತೀಯಂತೆ. ತೊಂಬತ್ತೊಂಬತ್ತರ ಜೂನ್, ಒಂದೇ ಹಂದರದಲ್ಲಿ ಇಬ್ಬರ ಮದುವೆ. ನಿನ್ನ ಗಂಡ ಕಾರ್ಗಿಲ್ ಯುದ್ಧದಲ್ಲಿದ್ದ, ರಜೆ ಸಿಗಲಿಲ್ಲ. ಹಚ್ಚಿದ ಅರಿಶಿನ ತೊಳೆಯಬಾರದೆಂದು ಹಿರಿಯರು ಆತನ ಕಂಬಳಿ ಮಡಿಚಿ ಮಣೆಯ ಮೇಲಿಟ್ಟರು, ಆತನ ಅಕ್ಕ ನಿನಗೆ ತಾಳಿ ಕಟ್ಟಿದಳು. ನನ್ನ ಪಕ್ಕ ನಮ್ಮವರು ಬಾಸಿಂಗ ಕಟ್ಟಿಕೊಂಡು ಕೂತಿದ್ದರು. ನೀನು ದಿನವಿಡೀ ಅತ್ತೆ. ನಾನು ನಿನ್ನನ್ನು "ಕಂಬಳಿ ಹೆಂಡತಿ" ಎಂದು ಕರೆದದ್ದು ನಗಿಸಲಿಕ್ಕೆ. ನಗಿಸಲಿಕ್ಕೆ ಎಂದೇ ಇಟ್ಟುಕೋ.

ಸೈನ್ಯದ ಭರ್ತಿಗೆ ಹೋದ ನಮ್ಮವರು ಎದೆಯಳತೆ ಸಾಲದೆ ವಾಪಸ್ ಬಂದು, ಅಪ್ಪನ ಕುರಿ ಹೊಡೆದುಕೊಂಡು ಕೃಷ್ಣೆಯ ಆಚೆ ತಿರುಗಿದ್ದು ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದರೇನು? ಊರವರು ಯಾರೂ ಬಾಯಿ ಬಿಡುವುದಿಲ್ಲ, ಎಲ್ಲರಿಗೂ ಇವರಿಂದ ಒಂದಲ್ಲ ಒಂದು ಕೆಲಸ ಆಗಬೇಕು. ದೇವಸುಗೂರಿನ ಮನೆಗೆ ಹೊಳೆ ನುಗ್ಗಿದಾಗ ಇವರ ಸೈನ್ಯದ ಕಾಗದಗಳು ತೊಯ್ದು ಹೋದವೆಂದು ಕೋರ್ಟಿಗೆ ಬರೆದುಕೊಟ್ಟಿದ್ದೇವೆ. ನಮ್ಮ ಕಡೆಯ ಫೋಟೋಗಳನ್ನು ಇಲಿ ತಿಂದವು. ಉಳಿದಿರುವುದು ನಿನ್ನ ಆಲ್ಬಮ್ ಒಂದೇ.

ಗುರುವಾರದೊಳಗೆ ಆತ ದೇವದುರ್ಗಕ್ಕೆ ಬಂದು, "ನನ್ನದೇ ತಪ್ಪು ತಿಳಿವಳಿಕೆ" ಎಂದು ಜನರೆದುರು ಹೇಳಿ ಇವರಿಗೆ ಹಾರ ಹಾಕಲಿ. ಮೆಡಲ್ ಹಾಕಿಕೊಂಡೇ ಬರಲಿ, ಫೋಟೋ ಚೆನ್ನಾಗಿ ಬರುತ್ತದೆ. ಕೇಸು ವಾಪಸ್ ತೆಗೆಸುತ್ತೇನೆ. ಇಲ್ಲವಾದರೆ ಈ ವಯಸ್ಸಿನಲ್ಲಿ ಆತನಿಗೆ ಜೈಲು. ಹದಿನೇಳು ವರ್ಷ ಆತ ಗಡಿ ಕಾಯ್ದ, ನೀನು ಆತನ ದಾರಿ ಕಾಯ್ದೆ. ಇನ್ನೂ ಎರಡು ವರ್ಷ ಕಾಯುವುದು ನಿನಗೇನು ಹೊಸದಲ್ಲ ಬಿಡು.

ಅವ್ವ ನನ್ನ ಹತ್ತಿರವೇ ಇದ್ದಾಳೆ, ಹೊತ್ತಿಗೆ ಸರಿಯಾಗಿ ರೊಟ್ಟಿ ತಿನ್ನುತ್ತಾಳೆ. ಎಪ್ಪತ್ತೆಂಟು ವರ್ಷದ ಜೀವ. ದಿನಕ್ಕೊಮ್ಮೆ ನಿನ್ನನ್ನು ನೆನೆಸುತ್ತಾಳೆ.

ನಿನ್ನ ಒಳ್ಳೆಯದನ್ನೇ ಬಯಸುವ
ಅಕ್ಕ ನೇತ್ರಾವತಿ

ತಾ.ಕ.: ಮೊನ್ನೆ ಅವ್ವ ಕೋರ್ಟಿನ ಪ್ರಮಾಣಪತ್ರವೊಂದಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೆ. ಅಂದು ಯುದ್ಧದಲ್ಲಿದ್ದವನು ದೊಡ್ಡ ಅಳಿಯ, ಕಂಬಳಿಯ ಪಕ್ಕ ಕೂತವಳು ದೊಡ್ಡ ಮಗಳು, ಸಣ್ಣ ಅಳಿಯ ಹಂದರದಲ್ಲೇ ಇದ್ದ ಎಂದು ಅದರಲ್ಲಿದೆ. ನೀನು ಆಲ್ಬಮ್ ತೋರಿಸಿದ ಗಳಿಗೆಗೆ ಕೋರ್ಟಿನಲ್ಲಿ ಸುಳ್ಳು ಹೇಳಿದವಳು ಅವ್ವ ಆಗುತ್ತಾಳೆ. ಅದಕ್ಕೆ ಎಷ್ಟು ವರ್ಷವೆಂದು ನಿನ್ನ ವಕೀಲರನ್ನೇ ಕೇಳು. ವೃದ್ಧಾಪ್ಯ ಪಿಂಚಣಿಯ ಕಾಗದವೆಂದು ಅವಳಿಗೆ ಹೇಳಿದ್ದೆ. ಬೆರಳಿನ ಮಸಿ ಒರೆಸುವಾಗ, "ಇದ್ರಿಂದ ನಮ್ಮ ಚಂದ್ರಿಗೂ ಏನಾರ ಸಿಗ್ತದೇನಬೇ?" ಎಂದು ಕೇಳಿದಳು. ಸಿಗುತ್ತದೆ ಎಂದೆ.