ಅಪ್ಪನ ಹೆಸರಿರುವ ಹಾಡು

ರಾಯದುರ್ಗ
9 ಫೆಬ್ರವರಿ 2025

ಪ್ರೀತಿಯ ತಮ್ಮ ಮಾರೇಶನಿಗೆ,

ಹೇಗಿದ್ದೀ? ಗಂಟಲು ವಾಸಿಯಾಯಿತೇ? ಹೋದ ವಾರ ಫೋನಿನಲ್ಲಿ ನಿನ್ನ ದನಿ ಒಡೆದಿತ್ತು. ಜೀರಿಗೆ ಕಷಾಯ ಕುಡಿ ಎಂದರೆ 'ಸ್ಟುಡಿಯೋದಾಗ ಅದೀನಕ್ಕ, ಆಮ್ಯಾಲ ಮಾಡ್ತೀನಿ' ಎಂದು ಇಟ್ಟುಬಿಟ್ಟೆ. ನಿನ್ನ 'ಆಮ್ಯಾಲ' ಬರುವಷ್ಟರಲ್ಲಿ ಇನ್ನೊಂದು ಆಲ್ಬಂ ಬಂದಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಮೊಣಕಾಲು ನೋವು ಹಾಗೇ ಇದೆ. ಅವಳಿಗೆ ಕೇಳಿಸುವಂತೆ ಫೋನಿನಲ್ಲಿ ಆಡಲಾಗದ ಮಾತಿದು.

ಹೊಸ ಆಲ್ಬಂ ಕೇಳಿದೆ. ಇಷ್ಟು ವರ್ಷ ಭಜನೆ, ಜಾನಪದ, ಪಲ್ಲಕ್ಕಿ ಹಾಡು ಎಂದು ಲೆಕ್ಕವಿಲ್ಲದಷ್ಟು ಹಾಡಿದವನು ಇದೇನು ಫಂಕ್, ಪಾಪ್ ಎಂದು ಹಿಡಿದುಕೊಂಡ ಎಂದು ಮೊದಲು ಮುಖ ಸಿಂಡರಿಸಿದ್ದು ನಿಜ. ಶ್ರಾವಣಿ ಹೆಡ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿ, 'ಅಮ್ಮಾ, ಪದ್ಯ ಓದಿದಂಗ ಕೇಳಬ್ಯಾಡ, ಸುಮ್ನ ಕಾಲು ಆಡಿಸು' ಎಂದಳು. ಆಡಿಸಿದೆ. ಬೇಸ್ ಗಿಟಾರ್ ಹೆಜ್ಜೆ ಇಡುವಂತೆ ಮಾಡಿ ತಡೆದು, ಆಮೇಲೆ ಇಡುತ್ತದೆ. ಅಮ್ಮ ಕುಟ್ಟುವಾಗ ಒನಕೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗಿನ ಚೂರು ಮೌನ ಅದು. ಎಲ್ಲಿ ಕಲಿತೆ ಎಂದು ಬೇರೆ ಯಾರಿಗೂ ಗೊತ್ತಾಗದಿದ್ದರೂ ನನಗೆ ಗೊತ್ತಾಯಿತು.

ಐದನೆಯ ಹಾಡಿನಲ್ಲಿ ಅಮ್ಮನ ದನಿ ಬಂತು. ಶೇಂಗಾ ಬಿಡಿಸುತ್ತಾ ಕೂತಿದ್ದವಳಿಗೆ, ಮದುವೆಯ ದಿನ ಹೊಸಿಲಲ್ಲಿ ನಿಂತು ಗಂಡನ ಹೆಸರು ಸೇರಿಸಿ ಹೇಳಿದ ಒಡಪು ಹೇಳೆಂದು ನಾವಿಬ್ಬರೂ ಗಂಟುಬಿದ್ದಿದ್ದೆವಲ್ಲ, ಅದು. ಅಂದು ಅಪ್ಪ ಭೈರವಾನಿತಿಪ್ಪದ ಕಾಲುವೆ ನೀರಿನ ಸರದಿಗೆ ಹೋಗಿದ್ದ. 'ಅವ್ರು ಹೋದ್ರೇನು ನೋಡು' ಎಂದು ಎರಡೆರಡು ಸಲ ಕೇಳಿ, ಸೆರಗು ಬಾಯಿಗೆ ಹಿಡಿದು ಹೇಳಿದಳು: 'ಹಗರಿ ಹೊಳಿಯಾಗ ಹರಿವಾಣ ತೊಳದು, ಹೊನ್ನೂರಪ್ಪಗ ಉಣ್ಣಾಕ ನೀಡ್ತೀನಿ.' ಹೇಳಿ ಬಿದ್ದು ಬಿದ್ದು ನಕ್ಕಳು. ನಿನ್ನ ಫೋನು ಎಲ್ಲವನ್ನೂ ರೆಕಾರ್ಡ್ ಮಾಡುತ್ತಾ ಸಿಪ್ಪೆಯ ರಾಶಿಯ ಮೇಲಿತ್ತು.

ಮದುವೆಯ ದಿನ ಬಿಟ್ಟರೆ ಗಂಡನ ಹೆಸರನ್ನು ಅವಳು ಆಡಿದ್ದು ಅದೊಂದೇ ಸಲ. ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ಅದೇ ಹೆಸರಿನ ಕಿರಾಣಿ ಅಂಗಡಿಯವನನ್ನು ಇಂದಿಗೂ 'ಬೆಲ್ಲದಣ್ಣ' ಎನ್ನುತ್ತಾಳೆ. ಅಂಥವಳ ಬಾಯಿಂದ ಆ ಹೆಸರನ್ನು ಕತ್ತರಿಸಿ, ತಾಳಕ್ಕೆ ಕೂರಿಸಿ, ಮತ್ತೆ ಮತ್ತೆ ಹೇಳಿಸಿದ್ದೀ. ಪ್ರತಿ ಸಲವೂ ಹಿಂದೆಯೇ ಆ ನಗು. ಕೇಳಲು ಚೆನ್ನಾಗಿದೆ, ಸುಳ್ಳು ಹೇಳಲಾರೆ. ಆದರೆ ಅಪ್ಪ ಹೋಗಿ ಎರಡನೆಯ ಸಂಕ್ರಾಂತಿ ಕಳೆಯಿತು, ಮಾರೇಶ.

ಮೊನ್ನೆ ಬೆಳುಗುಪ್ಪದಲ್ಲಿ ನಾಗಲಕ್ಷ್ಮಿ ಅತ್ತೆಯ ಮೊಮ್ಮಗನ ಮದುವೆ. ಊಟದ ಹೊತ್ತಿಗೆ ಡಿಜೆಯವನು ಅದೇ ಹಾಡು ಹಾಕಿದ. ಹುಡುಗರು ಕುಣಿಯುತ್ತಾ 'ಹೊನ್ನೂರಪ್ಪ! ಹೊನ್ನೂರಪ್ಪ!' ಎಂದು ಕೂಗಿದರು. ಅಪ್ಪನ ತಂಗಿಯಲ್ಲವೇ, ಅತ್ತೆಗೆ ತಮಾಷೆಗೆ ಹೊತ್ತುಗೊತ್ತಿಲ್ಲ: 'ಏನ್ ಅತ್ತಿಗಿ, ನಮ್ಮಣ್ಣ ಇದ್ದಾಗ ಒಮ್ಮಿನೂ ಬಾಯಿ ಬಿಡಲಿಲ್ಲ, ಈಗ ಜಿಲ್ಲಾಕೆಲ್ಲ ಕೇಳೋಹಂಗ ಕರಿಯಾಕ ಹತ್ತೀಯಲ್ಲ!' ಪಂಕ್ತಿಯೆಲ್ಲ ನಕ್ಕಿತು. ಅಮ್ಮ ಎಲೆ ಮಡಚಿ ಎದ್ದಳು. ಬಸ್ಸಿನಲ್ಲಿ ರಾಯದುರ್ಗ ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಂದಿನಿಂದ ಬೀದಿಯಲ್ಲಿ ಯಾವುದಾದರೂ ಆಟೋ ಆ ಹಾಡು ಹೊತ್ತು ಬಂದರೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡುತ್ತಾಳೆ.

ಅದಕ್ಕೆ ಕೇಳುತ್ತಿದ್ದೇನೆ, ಆ ಹೆಸರನ್ನು ತೆಗೆದುಬಿಡು. ನಗು ಇರಲಿ, ಅದು ಚೆಂದ. ನೆಟ್‌ನಲ್ಲಿ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಬಹುದಂತೆ, ಶ್ರಾವಣಿ ಹೇಳಿದಳು. ಪದ್ಯದಲ್ಲಿ ಒಂದು ಪದ ಕಿತ್ತರೆ ಸಾಲೇ ಕುಸಿಯುತ್ತದೆ ಎಂದು ನಿನಗೆ ಪಾಠ ಹೇಳುತ್ತಿದ್ದವಳು ನಾನೇ. ಕುಸಿದರೆ ಕುಸಿಯಲಿ. ಅಪ್ಪ ಮತ್ತೆ ಕೇಳದೆ ಹೋದ ಮಾತನ್ನು ಊರು ಕೇಳಿ ಏನಾಗಬೇಕು?

ಹೊತ್ತಿಗೆ ಸರಿಯಾಗಿ ಉಣ್ಣು. ಕಿವಿಗೆ ಆ ಯಂತ್ರ ಸಿಕ್ಕಿಸಿಕೊಂಡೇ ಮಲಗಬೇಡ. ಶ್ರಾವಣಿ ಮಾವನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನಿನ್ನ ಕಂಠ ತಣ್ಣಗಿರಲಿ.

ನಿನ್ನ ಅಕ್ಕ,
ಹೇಮಾ

ಮತ್ತೆ: ಲಕೋಟೆ ಅಂಟಿಸುವಾಗ ಅಮ್ಮ ಬಂದು 'ಯಾರಿಗೆ ಬರದಿ, ಓದು' ಎಂದಳು. ಓದಿದೆ. 'ಅವ್ರು ಎಷ್ಟೋ ಸಲ ಕೇಳಿದ್ರು, ಒಮ್ಮಿ ಹೆಸರು ಹಿಡಿದು ಕರಿಯೇ ಅಂತ. ನಾ ಬರೇ ನಗತಿದ್ದೆ' ಎಂದಳು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: 'ಹೆಸರು ಇರ್ಲಿ ಅಂತ ಬರಿ. ನಗು ತೆಗ್ಯಾಕ ಹೇಳು.'